ಆನೆ ಲಾಯದ ಹುಡುಗ

‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಮೊದಲು ಬರೆದ ಕಥೆಯಲ್ಲಿ ಆನೆಯೇ ಇರಲಿಲ್ಲ. ಇದ್ದದ್ದು ಒಂದು ಗೂಳಿ ಮತ್ತು ಅದನ್ನು ಹಚ್ಚಿಕೊಂಡ ಮೆಕ್ಸಿಕೊದ ಒಬ್ಬ ಹುಡುಗ. ‘ನಾನೂಕ್ ಆಫ್ ದಿ ನಾರ್ತ್’, ‘ಮ್ಯಾನ್ ಆಫ್ ಆರನ್’ ಚಿತ್ರಗಳಿಂದ ಹೆಸರಾಗಿದ್ದ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಈ ಕಥೆ ಹಿಡಿದು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರ ಬಳಿ ಹೋದರು. ಪ್ರಾಣಿಯ ಜೊತೆ ಬೆಳೆಯುವ ಹುಡುಗ ಅನ್ನುವುದು ಅಲ್ಲಿ ಒಪ್ಪಿಗೆಯಾಯಿತು, ಗೂಳಿ ಆಗಲಿಲ್ಲ. ರುಡ್ಯಾರ್ಡ್ ಕಿಪ್ಲಿಂಗ್ 1894ರ ‘ಜಂಗಲ್ ಬುಕ್’ನಲ್ಲಿ ಮಾವುತನ ಮಗ ತೂಮಾಯ್‌ನ ಕಥೆ ಬರೆದಿದ್ದರು. ಗೂಳಿ ಹೋಗಿ ಆನೆ ಬಂತು, ಮೆಕ್ಸಿಕೊ ಹೋಗಿ ಮೈಸೂರು ಬಂತು.

ಆನೆ ಬೇಕೆಂದರೆ ಆಗ ಮೈಸೂರಿಗೇ ಬರಬೇಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಲಾಯದಲ್ಲಿ ಪಳಗಿದ ಆನೆಗಳ ದೊಡ್ಡ ಸಂಸಾರವೇ ಇತ್ತು. ಹೆಗ್ಗಡದೇವನಕೋಟೆಯ ಕಡೆ ಕಬಿನಿ ದಂಡೆಯ ಕಾಡುಗಳಲ್ಲಿ ಹಿಂಡುಗಟ್ಟಲೆ ಕಾಡಾನೆಗಳಿದ್ದವು. ಅವನ್ನು ಹಿಡಿದು ಪಳಗಿಸುವ ವಿದ್ಯೆ ಬಲ್ಲ ಜನವೂ ಇದ್ದರು. 1935ರಲ್ಲಿ ಫ್ಲಾಹರ್ಟಿ ಹೆಂಡತಿ ಫ್ರಾನ್ಸಿಸ್, ಮಗಳು ಬಾರ್ಬರಾ ಜೊತೆ ಬಂದು ಮೈಸೂರಿನ ಚಿತ್ತರಂಜನ್ ಮಹಲಿನಲ್ಲಿ ಬೀಡುಬಿಟ್ಟರು. ರಾಜಕುಮಾರಿಯರಿಗೆಂದು ಕಟ್ಟಿಸಿದ ಆ ಮಹಲು ಸಿನಿಮಾದವರ ಮನೆಯೂ ಕಚೇರಿಯೂ ಆಯಿತು. ಫ್ರಾನ್ಸಿಸ್ ಅಲ್ಲಿಂದ ಬರೆದ ಪತ್ರಗಳು ಮುಂದೆ ‘ಎಲಿಫೆಂಟ್ ಡಾನ್ಸ್’ ಎಂಬ ಪುಸ್ತಕವಾಗಿ ಬಂದವು. ಆ ಕಾಲದ ಮೈಸೂರಿನ ಆನೆ ಲಾಯವನ್ನು ಹೊರಗಿನವರೊಬ್ಬರು ಹತ್ತಿರದಿಂದ ಕಂಡ ಬರಹ ಅದು.

ತೂಮಾಯ್ ಆಗಲು ಒಬ್ಬ ಹುಡುಗ ಬೇಕಿತ್ತು. ಹಲವರನ್ನು ನೋಡಿದರು. ಕೊನೆಗೆ ಕ್ಯಾಮೆರಾಮನ್ ಆಸ್ಮಂಡ್ ಬೊರಡೈಲ್ ಕಣ್ಣಿಗೆ ಬಿದ್ದವನು ಲಾಯದಲ್ಲೇ ಇದ್ದ. ಸಣಕಲು ಮೈ, ಅಗಲ ನಗು, ಆನೆಯ ಮುಂದೆ ಎಳ್ಳಷ್ಟೂ ಅಳುಕಿಲ್ಲದ ಆ ಹನ್ನೊಂದು ವರ್ಷದ ಹುಡುಗನೇ ಸಾಬು. ಮುಂದೆ ಸಾಬು ದಸ್ತಗೀರ್ ಎಂದು ಲೋಕಕ್ಕೆಲ್ಲ ಗೊತ್ತಾದವನು.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಕಬಿನಿ ದಂಡೆಯ ಕಾರಾಪುರದಲ್ಲಿ. ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತ. ತಾಯಿ ಮಗು ಎಳೆಯದಿದ್ದಾಗಲೇ ತೀರಿಕೊಂಡರು. ಹುಡುಗನಿಗೆ ಹತ್ತು ತುಂಬುವ ಮೊದಲೇ ತಂದೆಯೂ ಹೋದರು. ಉಳಿದವನು ಅಣ್ಣ ಶೇಖ್. ಸಾಬು ಅರಮನೆಯ ಆನೆ ಲಾಯದ ಆಶ್ರಯಕ್ಕೆ ಬಂದ. ಊಟ, ಬಟ್ಟೆ, ಮಲಗಲು ಜಾಗ ಎಲ್ಲವೂ ಲಾಯದ್ದೇ.

ಇದಕ್ಕೆ ಸಿನಿಮಾ ಕಂಪನಿಯ ಪ್ರಚಾರದವರು ಆಮೇಲೆ ಸಾಕಷ್ಟು ಬಣ್ಣ ಹಚ್ಚಿದರು. ತಾಯಿಯಿಲ್ಲದ ಮಗುವಿನ ತೊಟ್ಟಿಲನ್ನು ಅಪ್ಪನ ಆನೆ ತೂಗುತ್ತಿತ್ತು, ಯಜಮಾನ ಸತ್ತಾಗ ಆ ಆನೆ ಕೊರಗಿತು ಎಂಬಂಥ ಕಥೆಗಳು ಪತ್ರಿಕೆಗಳಲ್ಲಿ ಓಡಾಡಿದವು. ಇವುಗಳಲ್ಲಿ ಎಷ್ಟು ನಿಜ ಎಂದು ತೂಗುತ್ತಾ ಕೂರುವ ಬದಲು ಆ ಹುಡುಗ ಬೆಳೆದ ಲಾಯ ಹೇಗಿತ್ತು ಎಂದು ನೋಡಿದರೆ ಹೆಚ್ಚು ತಿಳಿಯುತ್ತದೆ. ಹೆತ್ತವರಿಲ್ಲದ ಹುಡುಗನಿಗೆ ಆನೆ ಗೆಳೆಯನಾದದ್ದು ಲಂಡನ್ನಿನವರಿಗೆ ಪವಾಡ. ಮೈಸೂರಿನ ಲಾಯಕ್ಕೆ ಅದು ದಿನದ ಕೆಲಸ.

ಕಾರಾಪುರದ ಹೆಸರೇ ಕಾಡಾನೆ ಹಿಡಿಯುವ ಖೆಡ್ಡಾದ ಜೊತೆ ಅಂಟಿಕೊಂಡಿದೆ. ಮೈಸೂರಿನಲ್ಲಿ ಖೆಡ್ಡಾ ಶುರು ಮಾಡಿದವರು ಜಿ.ಪಿ. ಸ್ಯಾಂಡರ್ಸನ್. ನಾಲೆಗಳ ಉಸ್ತುವಾರಿಗೆ ನೇಮಕವಾಗಿದ್ದ ಆ ಅಧಿಕಾರಿ 1873-74ರಲ್ಲಿ ಚಾಮರಾಜನಗರದ ಬಳಿ ಹಿಂಡನ್ನೇ ಕಂದಕದೊಳಗೆ ಅಟ್ಟಿ ಹಿಡಿಯುವ ಪ್ರಯೋಗ ಮಾಡಿದರು. ಮುಂದೆ ಕಾಕನಕೋಟೆ, ಕಾರಾಪುರಗಳು ಇದರ ದೊಡ್ಡ ನೆಲೆಗಳಾದವು. ವೈಸರಾಯ್‌ಗಳು, ಇಂಗ್ಲೆಂಡಿನ ಯುವರಾಜರು ಬಂದಾಗ ಕಾರಾಪುರದಲ್ಲಿ ಶಿಬಿರ ಏಳುತ್ತಿತ್ತು. ನೂರಾರು ಜನ ತಮಟೆ ಬಡಿದು, ಕೂಗು ಹಾಕಿ, ಬೆಂಕಿ ಹಿಡಿದು ಹಿಂಡನ್ನು ಹೊಳೆಯತ್ತ ಅಟ್ಟುತ್ತಿದ್ದರು. ಹೊಳೆ ದಾಟಿದ ಆನೆಗಳು ಮರದ ದಿಮ್ಮಿಗಳ ಬೇಲಿಯೊಳಗೆ ಸಿಕ್ಕಿಬೀಳುತ್ತಿದ್ದವು. ಆಮೇಲೆ ಪಳಗಿದ ಕುಮ್ಕಿ ಆನೆಗಳ ಮೇಲೆ ಮಾವುತರು ಒಳನುಗ್ಗುವರು. ಎರಡು ಕುಮ್ಕಿಗಳ ನಡುವೆ ಕಾಡಾನೆಯನ್ನು ಒತ್ತಿ ಹಿಡಿದಾಗ ಜೀವದ ಹಂಗು ತೊರೆದ ಒಬ್ಬ ಕೆಳಗಿಳಿದು ಅದರ ಹಿಂಗಾಲಿಗೆ ಹಗ್ಗ ಸುತ್ತುತ್ತಿದ್ದ.

ಬೇಲಿಯೊಳಗೆ ನಡೆಯುತ್ತಿದ್ದ ಮತ್ತೊಂದು ಕೆಲಸವನ್ನು ಅತಿಥಿಗಳ ಛಾಯಾಚಿತ್ರಗಳು ಅಷ್ಟಾಗಿ ತೋರಿಸುವುದಿಲ್ಲ. ತಾಯಿಯಿಂದ ಮರಿಯನ್ನು, ಹಿಂಡಿನಿಂದ ಒಂಟಿಯನ್ನು ಬೇರ್ಪಡಿಸುವ ಕೆಲಸ ಅದು. ಹಾಲು ಬಿಡದ ಮರಿಗಳು ಉಳಿಯುವುದೇ ಕಷ್ಟ. ಸ್ವಲ್ಪ ದೊಡ್ಡವು ದಿನಗಟ್ಟಲೆ ಘೀಳಿಟ್ಟು, ಹಗ್ಗ ಜಗ್ಗಿ, ಸುಸ್ತಾಗಿ, ಕೊನೆಗೆ ಕಬ್ಬು ಹಿಡಿದು ಹತ್ತಿರ ಬಂದವನ ಕೈಗೆ ಬಾಯಿ ಕೊಡುತ್ತಿದ್ದವು. ಮೈಸೂರಿನ ಲಾಯಕ್ಕೆ ಬಂದ ಆನೆಗಳಲ್ಲಿ ಬಹುಪಾಲು ಹೀಗೆ ತಮ್ಮವರಿಂದ ಬೇರೆಯಾಗಿ ಬಂದವೇ. ಅಂಥ ಆನೆಗಳ ನಡುವೆ ಅಪ್ಪ ಅಮ್ಮ ಇಬ್ಬರೂ ಇಲ್ಲದ ಹುಡುಗನೊಬ್ಬ ಬಂದು ಸೇರಿದ.

ಲಾಯದಲ್ಲಿ ಒಂದು ಆನೆಗೆ ಇಬ್ಬರು, ಮಾವುತ ಮತ್ತು ಕಾವಾಡಿ. ಮಾವುತ ಆನೆಯ ಕತ್ತಿನ ಮೇಲೆ ಕೂತು ಕಿವಿಯ ಹಿಂದೆ ಕಾಲ್ಬೆರಳು ಒತ್ತಿ ದಾರಿ ಹೇಳುತ್ತಾನೆ. ಕಾವಾಡಿ ಸೊಪ್ಪು ತರುತ್ತಾನೆ, ಲದ್ದಿ ಬಾಚುತ್ತಾನೆ, ಸರಪಳಿ ನೋಡಿಕೊಳ್ಳುತ್ತಾನೆ, ಮೈ ತೊಳೆಯುತ್ತಾನೆ. ಮೈಸೂರು ಸೀಮೆಯಲ್ಲಿ ಈ ಕಸುಬಿನವರು ಹೆಚ್ಚಾಗಿ ಮುಸಲ್ಮಾನರು ಮತ್ತು ಜೇನುಕುರುಬರು. ಕಸುಬು ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಇಳಿಯುತ್ತದೆ. ಓದಿ ಕಲಿಯುವುದು ಏನೂ ಇಲ್ಲ, ಎಲ್ಲ ನೋಡಿ ಕಲಿಯುವುದೇ. ಆನೆಗೆ ಹೇಳುವ ಮಾತಿನಲ್ಲೂ ಉರ್ದು ಬೆರೆತಿದೆ. ‘ಬೈಠ್’ ಎಂದರೆ ಕೂರುತ್ತದೆ, ‘ಸಲಾಂ’ ಎಂದರೆ ಸೊಂಡಿಲೆತ್ತುತ್ತದೆ. ಕಾಡಿನಲ್ಲಿ ಹುಟ್ಟಿದ ಆನೆ, ಹಾಡಿಯಲ್ಲಿ ಕುರುಬ ಭಾಷೆ ಮಾತಾಡುವ ಕಾವಾಡಿ, ಅರಮನೆಯ ಕನ್ನಡ ಎಲ್ಲ ಸೇರಿ ಲಾಯಕ್ಕೆ ತನ್ನದೇ ಒಂದು ಭಾಷೆ.

ಇಂಥ ಕಡೆ ಹುಡುಗನಿಗೆ ಮೊದಲು ಸಿಗುವ ಕೆಲಸ ಮೈ ತೊಳೆಯುವುದು. ಆನೆ ನೀರಿನಲ್ಲಿ ಮಗ್ಗುಲಾಗಿ ಒರಗುತ್ತದೆ. ಹುಡುಗ ಅದರ ಪಕ್ಕೆಯ ಮೇಲೇ ಹತ್ತಿ ಕೂತು ಉಜ್ಜುತ್ತಾನೆ. ಕಿವಿಯ ಹಿಂದಿನ ಮಡಿಕೆ, ಬಾಲದ ಬುಡ, ಉಗುರಿನ ಸಂದು ಒಂದೂ ಬಿಡುವಂತಿಲ್ಲ. ಬೆನ್ನ ಮೇಲೆ ಒಂದು ಹರಳು ಉಳಿದರೂ ಅದರ ಮೇಲೆ ಗಾದಿ, ನಮ್ದಾ ಬಿಗಿದಾಗ ಹುಣ್ಣಾಗುತ್ತದೆ. ಆಮೇಲೆ ಊಟ. ಒಣಹುಲ್ಲಿನೊಳಗೆ ಭತ್ತ, ಬೆಲ್ಲ, ತೆಂಗಿನಕಾಯಿ, ಹಿಂಡಿ ಇಟ್ಟು ಗಂಟು ಕಟ್ಟಿದರೆ ಕುಸುರೆ. ಅದನ್ನು ನೆಲಕ್ಕೆ ಎಸೆಯುವುದಿಲ್ಲ. ಆನೆ ಬಾಯಿ ತೆರೆದು ಕಾಯುತ್ತದೆ, ಕೈಯನ್ನು ಒಳಕ್ಕೆ ಹಾಕಿ ಇಡಬೇಕು. ಪ್ರತಿದಿನ ಹೀಗೆ ಬಾಯಿಗೆ ತುತ್ತು ಇಟ್ಟ ಕೈಯನ್ನು ಆನೆ ಮರೆಯುವುದಿಲ್ಲ ಎಂದು ಮಾವುತರು ಹೇಳುತ್ತಾರೆ.

ಹಾಗೆಂದು ಇದನ್ನು ಬರೀ ಮುದ್ದಾಟ ಎಂದುಕೊಳ್ಳಬಾರದು. ಮಾವುತನ ಕೈಯಲ್ಲಿ ಅಂಕುಶವಿದೆ, ಆನೆಯ ಕಾಲಿಗೆ ಸರಪಳಿಯಿದೆ. ಮದ ಬಂದ ಸಲಗ ತನಗೆ ತುತ್ತಿಟ್ಟವನನ್ನೇ ತಿವಿದು ಕೊಂದ ಪ್ರಸಂಗಗಳಿವೆ. ಲಾಯದಲ್ಲಿ ಬೆಳೆದ ಹುಡುಗ ಆನೆಯ ಕೆನ್ನೆಯ ಪಕ್ಕ ಮದರಸ ಒಸರಿದೆಯೇ, ಕಿವಿ ಬೀಸುವುದು ನಿಂತಿದೆಯೇ ಎಂದು ನೋಡಿಯೇ ಹತ್ತಿರ ಹೋಗುವುದನ್ನು ಕಲಿಯುತ್ತಾನೆ. ಸಾಬುವಿನ ನಿರ್ಭಯದ ಹಿಂದೆ ಈ ಕಲಿಕೆ ಇತ್ತು.

ಚಿತ್ರದಲ್ಲಿ ತೂಮಾಯ್‌ನ ಆನೆ ಕಾಲಾನಾಗ್. ಆ ಪಾತ್ರಕ್ಕೆ ಆಯ್ಕೆಯಾದದ್ದು ಮಹಾರಾಜರ ಲಾಯದ ಭಾರೀ ಸಲಗ ಐರಾವತ. ಸಾಬು ಅದರ ಸೊಂಡಿಲ ಮೇಲೆ ಕಾಲಿಟ್ಟು ಕತ್ತಿಗೆ ಹತ್ತುವುದನ್ನು, ಹೊಳೆಯಲ್ಲಿ ಉಜ್ಜುವುದನ್ನು, ತಪ್ಪು ಮಾಡಿದಾಗ ಗದರುವುದನ್ನು ಫ್ಲಾಹರ್ಟಿ ಬಿಡದೆ ಚಿತ್ರೀಕರಿಸಿದರು. ಇವುಗಳಲ್ಲಿ ಯಾವುದಕ್ಕೂ ಹುಡುಗನಿಗೆ ನಟನೆ ಹೇಳಿಕೊಡಬೇಕಾಗಿರಲಿಲ್ಲ. ಮೈಸೂರಿನ ಬೀದಿಯಲ್ಲಿ ಆನೆಯ ಕಾಲಡಿಗೆ ಎಳೆಮಗು ಬರುವ, ಗೊಮ್ಮಟ ವಿಗ್ರಹದ ಮುಂದೆ ತೂಮಾಯ್ ಕೈಮುಗಿಯುವ ದೃಶ್ಯಗಳು ಇಂದಿಗೂ ನೋಡಸಿಗುತ್ತವೆ. ಮಹಾರಾಜರ ಸರ್ಕಾರ ಚಿತ್ರಕ್ಕಾಗಿ ಖೆಡ್ಡಾವನ್ನೂ ನಡೆಸಿಕೊಟ್ಟಿತು.

ಕೆಲಸ ಮಾತ್ರ ಎಳೆಯಿತು. ಮಳೆಗಾಲ ಅಡ್ಡ ಬಂತು, ಖರ್ಚು ಏರಿತು, ಮೈಸೂರಿನಿಂದ ಲಂಡನ್ನಿಗೆ ಹೋಗುತ್ತಿದ್ದ ಫಿಲಂ ಸುರುಳಿಗಳು ರಾಶಿಯಾದರೂ ಅವುಗಳಲ್ಲಿ ಕಥೆ ಕಾಣಲಿಲ್ಲ. ಕೊರ್ಡಾ ತಮ್ಮ ಜೋಲ್ಟಾನ್‌ನನ್ನು ಕಳಿಸಿದರು. ಉಳಿದ ಭಾಗವನ್ನು ಇಂಗ್ಲೆಂಡಿನ ಡೆನ್‌ಹ್ಯಾಂ ಸ್ಟುಡಿಯೊದಲ್ಲಿ ತೆಗೆಯುವುದೆಂದಾಯಿತು.

ಕಿಪ್ಲಿಂಗ್ ಕಥೆಗೂ ಚಿತ್ರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಿಪ್ಲಿಂಗ್‌ನ ತೂಮಾಯ್‌ಗೆ ಕೊನೆಯತನಕ ಅಪ್ಪ ಇದ್ದಾನೆ. ಚಿತ್ರದಲ್ಲಿ ಅಪ್ಪನನ್ನು ಹುಲಿ ಕೊಲ್ಲುತ್ತದೆ. ಕಾಲಾನಾಗ್ ಕೊರಗಿ ಕೆರಳುತ್ತದೆ, ಹೊಸ ಮಾವುತ ಹೊಡೆದಾಗ ತಿರುಗಿಬೀಳುತ್ತದೆ, ಅದನ್ನು ಗುಂಡಿಟ್ಟು ಕೊಲ್ಲುವ ಮಾತು ಬಂದಾಗ ಹುಡುಗ ರಾತ್ರೋರಾತ್ರಿ ಆನೆಯೊಂದಿಗೆ ಕಾಡು ಸೇರುತ್ತಾನೆ. ಕಿಪ್ಲಿಂಗ್ ಬರೆಯದ ಈ ಅನಾಥ ಹುಡುಗ ಸಾಬುವಿನ ಬದುಕಿಗೆ ಹತ್ತಿರದವನು. ಹನ್ನೆರಡರ ಹುಡುಗ ಕ್ಯಾಮೆರಾ ಮುಂದೆ ಅಪ್ಪನನ್ನು ಮತ್ತೊಮ್ಮೆ ಕಳೆದುಕೊಂಡ, ಅದೂ ಉಚ್ಚಾರಣೆಯನ್ನಷ್ಟೇ ಕಂಠಪಾಠ ಮಾಡಿದ ಇಂಗ್ಲಿಷಿನಲ್ಲಿ.

ಫ್ಲಾಹರ್ಟಿ ಬಂದ 1935ರಲ್ಲೇ ಮೈಸೂರಿನಿಂದ ಇನ್ನೊಬ್ಬ ಹುಡುಗ ಇಂಗ್ಲೆಂಡಿಗೆ ಹೋದ, ಪುಸ್ತಕದ ರೂಪದಲ್ಲಿ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಲಂಡನ್ನಿನಲ್ಲಿ ಪ್ರಕಟವಾದದ್ದು ಆ ವರ್ಷ. ನಾರಾಯಣ್ ಕೂಡ ಅಪ್ಪ ಅಮ್ಮನಿಂದ ದೂರ ಬೆಳೆದವರೇ. ಹೆತ್ತವರು ಮೈಸೂರು ಸೀಮೆಯಲ್ಲಿದ್ದರೆ ಮಗ ಮದರಾಸಿನ ಪುರಸವಾಕ್ಕಂನಲ್ಲಿ ಅಜ್ಜಿಯ ಮನೆಯಲ್ಲಿದ್ದ. ಅಲ್ಲಿ ಅವನಿಗೆ ಜೊತೆಯಾದವು ಒಂದು ನವಿಲು, ಒಂದು ಕೋತಿ. ಅವುಗಳ ವಿಷಯದಿಂದಲೇ ನಾರಾಯಣ್ ತಮ್ಮ ಆತ್ಮಕಥೆ ‘ಮೈ ಡೇಸ್’ ಆರಂಭಿಸುತ್ತಾರೆ. ಹೆಡ್‌ಮಾಸ್ತರರ ಮಗ ತನ್ನ ಬಾಲ್ಯವನ್ನು ತಾನೇ, ತನ್ನ ತಮಾಷೆಯ ದನಿಯಲ್ಲಿ ಬರೆದುಕೊಂಡ. ಮಾವುತನ ಮಗನ ಬಾಲ್ಯವನ್ನು ಮಾತ್ರ ನಿರ್ದೇಶಕರು, ಅವರ ಹೆಂಡತಿ, ಪ್ರಚಾರದ ಗುಮಾಸ್ತರು ಬರೆದರು.

1936ರಲ್ಲಿ ಸಾಬು ಅಣ್ಣನ ಜೊತೆ ಹಡಗು ಹತ್ತಿದ. ಐರಾವತ ಮೈಸೂರಿನಲ್ಲೇ ಉಳಿಯಿತು. ತಾಯಿ, ತಂದೆಯರ ನಂತರ ಅವನಿಗೆ ಇದು ಮೂರನೆಯ ಅಗಲಿಕೆ. ಇಂಗ್ಲೆಂಡಿನಲ್ಲಿ ಅವನನ್ನು ಶಾಲೆಗೆ ಸೇರಿಸಿದರು. ಭಾಷೆ, ಊಟ, ಚಳಿ ಎಲ್ಲವೂ ಹೊಸದು. ಲಾಯದಲ್ಲಿ ಮೈಗೂಡಿದ ಸ್ವಭಾವ ಇಲ್ಲೂ ಕೈಹಿಡಿಯಿತು. ಎದುರಿಗಿರುವ ಜೀವದ ಮರ್ಜಿ ಅರಿತು, ಹೆದರದೆ ಹತ್ತಿರ ಹೋಗುವುದು ಅವನಿಗೆ ಬರುತ್ತಿತ್ತು. ಸ್ಟುಡಿಯೊದ ಬಡಗಿಗಳಿಂದ ಹಿಡಿದು ಕೊರ್ಡಾ ಸಹೋದರರವರೆಗೆ ಎಲ್ಲರಿಗೂ ಹುಡುಗ ಬೇಕಾದವನಾದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ, ಜೋಲ್ಟಾನ್ ಕೊರ್ಡಾ ಇಬ್ಬರಿಗೂ ಉತ್ತಮ ನಿರ್ದೇಶಕ ಪ್ರಶಸ್ತಿ ಬಂತು. ಜನ ಮಾತ್ರ ನೆನಪಿಟ್ಟುಕೊಂಡದ್ದು ಹುಡುಗನನ್ನು ಮತ್ತು ಆನೆಯನ್ನು.

ಆಮೇಲಿನದು ಓಟದ ಬದುಕು. ‘ದಿ ಡ್ರಮ್’ (1938), ‘ದಿ ಥೀಫ್ ಆಫ್ ಬಾಗ್ದಾದ್’ (1940), ಮೊಗ್ಲಿಯಾಗಿ ‘ಜಂಗಲ್ ಬುಕ್’ (1942). ಯುದ್ಧದ ಕಾರಣಕ್ಕೆ ಅಮೆರಿಕಕ್ಕೆ ಹೋದ ಸಾಬು ಅಲ್ಲೇ ನೆಲೆನಿಂತರು, 1944ರಲ್ಲಿ ಅಮೆರಿಕದ ಪೌರರಾದರು, ವಾಯುಪಡೆ ಸೇರಿ ಪೆಸಿಫಿಕ್‌ನಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿದರು. ಆ ಸಾಹಸಕ್ಕೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಯುದ್ಧ ಮುಗಿದ ಮೇಲೆ ‘ಬ್ಲ್ಯಾಕ್ ನಾರ್ಸಿಸಸ್’ನಂಥ (1947) ಒಂದೆರಡು ಒಳ್ಳೆಯ ಚಿತ್ರಗಳು ಸಿಕ್ಕವು. ಉಳಿದಂತೆ ಹಾಲಿವುಡ್ ಅವರನ್ನು ಪೇಟ ತೊಟ್ಟ ಕಾಡಿನ ಹುಡುಗನಾಗಿಯೇ ನೋಡಲು ಬಯಸಿತು. ಹುಡುಗನಿಗೆ ವಯಸ್ಸಾಗುವುದು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಚಿತ್ರಗಳ ಪ್ರಚಾರಕ್ಕೆಂದು ಅಮೆರಿಕದ ಊರೂರು ಸುತ್ತಿದ ಸಾಬುವಿನ ಒಂಟಿತನವನ್ನು ಕಲ್ಪಿಸಿ ಅಲ್ಲಿನ ಗಾಯಕ ಜಾನ್ ಪ್ರೈನ್ 1978ರಲ್ಲಿ ಒಂದು ಹಾಡು ಕಟ್ಟಿದರು. ಸಾಬು ಮತ್ತೆ ಆನೆಗಳ ಬಳಿಗೆ ಹೋದದ್ದು 1952ರಲ್ಲಿ, ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ. ಅಲ್ಲಿ ಆನೆಗಳೊಂದಿಗೆ ಪ್ರದರ್ಶನ ಕೊಟ್ಟರು. ತಾಯ್ನಾಡಿನ ಚಿತ್ರವೊಂದರಲ್ಲಿ ನಟಿಸುವ ಅವಕಾಶವೂ ಬಾಗಿಲವರೆಗೆ ಬಂದಿತ್ತು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನೇ. ಅಮೆರಿಕದ ಪೌರನಾಗಿದ್ದವನಿಗೆ ಇಲ್ಲಿ ಕೆಲಸ ಮಾಡಲು ಪರವಾನಗಿ ಸಿಗಲಿಲ್ಲ. ತಾಯಿಯ ಎದುರು ಬಂಡೇಳುವ ಆ ಮಗನ ಪಾತ್ರ ಸುನಿಲ್ ದತ್ ಪಾಲಾಯಿತು. 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಣ್ಣ ಶೇಖ್ ದರೋಡೆಯೊಂದರಲ್ಲಿ ಗುಂಡೇಟಿಗೆ ಬಲಿಯಾದರು. 1963ರ ಡಿಸೆಂಬರ್ 2ರಂದು ಸಾಬು ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು ಮೂವತ್ತೊಂಬತ್ತು. ಮಗ ಸಂಗೀತಗಾರನಾದ. ಮಗಳು ಕುದುರೆಗಳನ್ನು ತರಬೇತುಗೊಳಿಸುವ ಕೆಲಸ ಆರಿಸಿಕೊಂಡಳು.

ಇತ್ತ ಸಾಬು ಬಿಟ್ಟುಹೋದ ಜಾಗಗಳೂ ಮೊದಲಿನಂತೆ ಉಳಿಯಲಿಲ್ಲ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕಬಿನಿ ಜಲಾಶಯ ತುಂಬಿ ಖೆಡ್ಡಾದ ಹಳೆಯ ನೆಲದ ಬಹುಭಾಗ ನೀರಿನಡಿ ಸೇರಿತು. ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆಯಿದ್ದ ಜಾಗ ಈಗ ಸಫಾರಿ ಪ್ರವಾಸಿಗರ ತಂಗುದಾಣ. ಫ್ಲಾಹರ್ಟಿ ಇದ್ದ ಚಿತ್ತರಂಜನ್ ಮಹಲು ಮುಂದೆ ಪ್ರೀಮಿಯರ್ ಸ್ಟುಡಿಯೊದವರ ಕೈಸೇರಿ, ಆಮೇಲೆ ವಿನೋಬಾ ರಸ್ತೆಯ ಗ್ರೀನ್ ಹೋಟೆಲ್ ಆಯಿತು. ಅರಮನೆಯ ಲಾಯದ ವೈಭವವೂ ರಾಜಾಳ್ವಿಕೆಯ ಜೊತೆಗೇ ಕರಗಿತು. ದಸರಾಕ್ಕೆ ಈಗ ಆನೆಗಳು ಬರುವುದು ಅರಣ್ಯ ಇಲಾಖೆಯ ಶಿಬಿರಗಳಿಂದ.

ಮಾವುತರ ಮಕ್ಕಳು ಮಾತ್ರ ಇನ್ನೂ ಬರುತ್ತಾರೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಪೂಜೆಯಾದ ಮೇಲೆ ಮತ್ತಿಗೋಡು, ದುಬಾರೆಯಂಥ ಶಿಬಿರಗಳ ಆನೆಗಳು ಮೈಸೂರಿಗೆ ಹೊರಡುತ್ತವೆ. ಅವುಗಳ ಹಿಂದೆಯೇ ಮಾವುತರು, ಕಾವಾಡಿಗಳು ಪಾತ್ರೆ ಪಗಡೆ, ಹೆಂಡತಿ ಮಕ್ಕಳೊಂದಿಗೆ ಬಂದು ಅರಮನೆ ಆವರಣದ ಶೆಡ್ಡುಗಳಲ್ಲಿ ವಾರಗಟ್ಟಲೆ ಸಂಸಾರ ಹೂಡುತ್ತಾರೆ. ಊರಿನ ಶಾಲೆ ತಪ್ಪುತ್ತದೆ ಎಂದು ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಪಕ್ಕದಲ್ಲೇ ಆನೆಗಳಿಗೆ ತಾಲೀಮು, ಮರಳಿನ ಮೂಟೆ ಹೊರಿಸಿ 750 ಕೆಜಿ ತೂಕದ ಅಂಬಾರಿಗೆ ಅಭ್ಯಾಸ. ಆನೆಯನ್ನು ಫೋಟೊದಲ್ಲಷ್ಟೇ ಹತ್ತಿರ ಕಂಡ ನಗರದ ಮಕ್ಕಳು ಬೇಲಿಯಾಚೆ ನಿಂತು ನೋಡಿದರೆ ಈ ಮಕ್ಕಳು ಸೊಂಡಿಲ ಕೆಳಗೇ ಓಡಾಡಿಕೊಂಡಿರುತ್ತಾರೆ.

2023ರ ಡಿಸೆಂಬರ್ 4ರಂದು ಸಕಲೇಶಪುರ ಸೀಮೆಯ ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋಗಿದ್ದ ದಸರಾ ಆನೆ ಅರ್ಜುನ ಕಾಡಾನೆಯೊಂದಿಗಿನ ಕಾಳಗದಲ್ಲಿ ಸತ್ತಿತು. ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತ ಆನೆ ಅದು. ಅದರ ಮೈಮೇಲೆ ಬಿದ್ದು ಗೋಳಾಡಿದ ಮಾವುತನ ದೃಶ್ಯ ನಾಡಿನ ಮನೆಮನೆಯ ಟಿವಿಯಲ್ಲಿ ಬಂತು. ಅರ್ಜುನನಿಗೆ ಸ್ಮಾರಕ ಬೇಕು ಎಂಬ ಕೂಗು ಎದ್ದಿತು. ಸಲಗವನ್ನು ಅಂಥ ಕಾರ್ಯಾಚರಣೆಗೆ ಕಳಿಸಿದ್ದು ಸರಿಯೇ ಎಂಬ ಚರ್ಚೆಯೂ ನಡೆಯಿತು. ಮಾವುತರಿಗೆ, ಕಾವಾಡಿಗಳಿಗೆ ಕೆಲಸದ ಭದ್ರತೆ, ಸರಿಯಾದ ಮನೆ, ಮಕ್ಕಳಿಗೆ ಓದು ಸಿಗಬೇಕೆಂಬ ಬೇಡಿಕೆಯಂತೂ ಪ್ರತಿ ದಸರಾದಲ್ಲೂ ಕೇಳಿಬರುತ್ತದೆ. ಸಾಬುವಿನ ಕಾಲದಲ್ಲಿ ಮಾವುತ ಸತ್ತರೆ ಅವನ ಮಗನಿಗೆ ಲಾಯವೇ ಗತಿಯಾಗಿತ್ತು. ಈಗಿನ ಮಕ್ಕಳಲ್ಲಿ ಕೆಲವರು ಆಶ್ರಮ ಶಾಲೆಗಳ ದಾರಿ ಹಿಡಿದಿದ್ದಾರೆ, ಕೆಲವರು ಅಪ್ಪನ ಆನೆಗೇ ಕಾವಾಡಿಯಾಗಿ ಸೇರುತ್ತಿದ್ದಾರೆ.